ಲ್ಯಾಮಿನೇಟ್ ಮಾಡಿಸಿದ ಇಸಿಜಿ

ಎರಡು ವರ್ಷ ನನ್ನ ಎದೆನೋವಿಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಹೆಸರು, ಗ್ಯಾಸು. ಗಾಂಧಿ ಬಜಾರಿನಿಂದ ತರಕಾರಿ ಚೀಲ ಹಿಡಿದು ನಡೆದರೆ ಎದೆ ಹಿಂಡುತ್ತಿತ್ತು, ಎಡಗೈ ಸೋತುಹೋಗುತ್ತಿತ್ತು. ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಓಂಕಾಳು ತಿನ್ನು, ಸರಿಹೋಗತ್ತೆ" ಅನ್ನೋರು. ಅವರಿಗೇ ಒಮ್ಮೆ ಬೋಂಡ ತಿಂದು ಎದೆ ಚುಳ್ ಅಂದಾಗ ಮಾತ್ರ ಆಟೋ ಹಿಡಿದು ಆಸ್ಪತ್ರೆಗೆ ಓಡಿದ್ದಾಯ್ತು. ಇಸಿಜಿ, ಎಕೋ, ಎಲ್ಲಾ ಆಯ್ತು. ವಾರವಿಡೀ ಗಂಜಿ ಮಾಡಿ ಹಾಕಿದವಳು ನಾನು.

ಕೊನೆಗೆ ಕುಮಾರ ಪಾರ್ಕಿನ ನನ್ನ ತಂಗಿ ಜಗಳವಾಡಿ ನನಗೂ ಇಸಿಜಿ ಮಾಡಿಸಿದಳು. ಮಲಗಿಸಿ ತೆಗೆದದ್ದು. ಮಲಗಿದಾಗ ನನಗೆ ನೋವೇ ಇರುವುದಿಲ್ಲ, ನಾರ್ಮಲ್ ಬಂತು. ನಮ್ಮವರಿಗೆ ಹಬ್ಬ. ರಿಟೈರಾದ ಗುಮಾಸ್ತರು, ರೇಷನ್ ಕಾರ್ಡಿನಿಂದ ಹಿಡಿದು ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸುವವರು. ವಾಕಿಂಗ್ ಗೆಳೆಯರಿಗೆ ತೋರಿಸಬೇಕಲ್ಲ, ಇದನ್ನೂ ಜೆರಾಕ್ಸ್ ಅಂಗಡಿಗೆ ಒಯ್ದರು. ಆ ಕಾಗದಕ್ಕೆ ಬಿಸಿ ತಾಗಿದರೆ ಕಪ್ಪಾಗುತ್ತದೆ ಅಂತ ಅವರಿಗೇನು ಗೊತ್ತು! ಮೆಷಿನ್ನಿಂದ ಹೊರಬಂದದ್ದು ಮಸಿ ಬಳಿದ ಹಾಳೆ. ನನ್ನ ಹೊಟ್ಟೆ ತಣ್ಣಗಾಯಿತು.

"ಇನ್ನೊಂದು ತೆಗೆಸೋಣ, ಮತ್ತೆ ನಾರ್ಮಲ್ಲೇ ಬರತ್ತೆ" ಎಂದು ತಾವೇ ನನ್ನನ್ನು ಹೃದಯದ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಅವರನ್ನು ಬಿಟ್ಟು ನನ್ನನ್ನು ಕೇಳಿದರು, "ನೋವು ಯಾವಾಗ ಬರತ್ತಮ್ಮ?" ನಡೆದಾಗ ಅಂದೆ. ಹಾಗಾದರೆ ನಡೆಸಿಯೇ ನೋಡಬೇಕು ಅಂದರು.

ಎದೆಗೆಲ್ಲ ವೈರು ಅಂಟಿಸಿ ಟ್ರೆಡ್‌ಮಿಲ್ ಹತ್ತಿಸಿದರು. ನಡೆಯುತ್ತಾ, ಬಾ ನೋವೇ, ಇವತ್ತೊಂದಿನ ಬಂದ್ಬಿಡು ಎಂದು ಬೇಡಿಕೊಂಡೆ. ಗಂಡನ ಬಾಯಿ ಮುಚ್ಚಿಸಲು ಸ್ವಂತ ಎದೆ ಕೆಟ್ಟಿರಲಿ ಎಂದು ಹಾರೈಸಿದ ಹೆಂಗಸು ನಾನು. ಆರನೇ ನಿಮಿಷಕ್ಕೆ ಬಂತು. ಮೆಷಿನ್ ನಿಲ್ಲಿಸಿದರು. ರಕ್ತನಾಳದಲ್ಲಿ ಬ್ಲಾಕ್ ಇರಬಹುದು, ಆಂಜಿಯೋಗ್ರಾಮ್ ಆಗಲೇಬೇಕು ಅಂದರು ಡಾಕ್ಟರು. ಯಜಮಾನರ ಮುಖ ಬಿಳಿಚಿಕೊಂಡಿತು. ನನಗೆ ಅಯ್ಯೋ ಅನಿಸಲಿಲ್ಲ.

ಆಂಜಿಯೋಗ್ರಾಮ್ ದಿನ ತಂಗಿಯೂ ಬಂದಿದ್ದಳು. ಒಪ್ಪಿಗೆ ಪತ್ರದಲ್ಲಿ ನನ್ನ ಸಹಿಯ ಕೆಳಗೆ ಮನೆಯವರೊಬ್ಬರದ್ದೂ ಬೇಕೆಂದಳು ನರ್ಸ್. ಯಜಮಾನರು ಜೇಬಿನಿಂದ ಪೆನ್ನು ತೆಗೆದರು. ನಾನು ಪತ್ರವನ್ನು ತಂಗಿಯ ಕಡೆ ಚಾಚಿದೆ.

"ನಾನಿದೀನಲ್ಲೇ" ಅಂದರು.

"ನೀವು ಕೂತ್ಕೊಳ್ಳಿ. ನೋವಿದೆ ಅಂದಾಗ ನಂಬಿದವಳು ಹಾಕ್ತಾಳೆ."

ನರ್ಸ್ ಎದುರಿಗೇ ಅಂದೆ, ಬೇಕಂತಲೇ ಅಂದೆ. ನನ್ನನ್ನು ಸ್ಟ್ರೆಚರ್ ಮೇಲೆ ತಳ್ಳಿಕೊಂಡು ಹೊರಟಾಗ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಯಜಮಾನರು ಪಕ್ಕದಲ್ಲೇ ನಡೆದು ಬಂದು ನನ್ನ ಕೈ ಹಿಡಿಯಲು ಬಗ್ಗಿದರು. ನಾನು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡೆ.