ಕಳಸಕ್ಕೆ ಕಾರು ಕೊಡಲು ಹೋದದ್ದು

ಮೇಘನಾ, ಸುಹಾಸ,

ನಿಮ್ಮ ಅಮ್ಮ ಓಡಿಸುವ ಬಿಳಿ ಕಾರು ಒಮ್ಮೆ ನಮ್ಮ ಮನೆ ಬಿಟ್ಟು ಹೋಗಿಯೇಬಿಡುವುದರಲ್ಲಿತ್ತು. ಆಗ ನೀವಿಬ್ಬರೂ ಚಿಕ್ಕವರು. ಆ ದಿನ ನಿಮ್ಮನ್ನು ನಿಮ್ಮ ಅತ್ತೆಯ ಮನೆಯಲ್ಲಿ ಬಿಟ್ಟಿದ್ದೆವು, ಆದ್ದರಿಂದ ನಿಮಗೆ ಏನೂ ನೆನಪಿರಲಾರದು. ನಿಮ್ಮ ಅಮ್ಮನನ್ನು ಕೇಳಿದರೆ ನಗುತ್ತಾಳೆ, ಚಂದ್ರಜ್ಜನನ್ನು ಕೇಳಿದರೆ ಇಡೀ ಕಥೆಯನ್ನು ತಾನೇ ನಡೆಸಿದಂತೆ ಹೇಳುತ್ತಾನೆ. ನಾಲ್ಕು ಜನರ ನಡುವೆ ನನಗೆ ಮಾತು ಹೊರಡುವುದಿಲ್ಲ. ಬರೆಯುವುದಕ್ಕೆ ಆ ಕಷ್ಟವಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು, ಡಿಸೆಂಬರ್ ತಿಂಗಳು. ಕಾಫಿ ಕುಯ್ಲು ಜೋರಾಗಿತ್ತು. ನಿಮ್ಮ ಅಪ್ಪ ಎಸ್ಟೇಟಿನಲ್ಲಿ ರೈಟರ್ ಆದ್ದರಿಂದ ಆಳುಗಳ ಲೆಕ್ಕ, ಹಣ್ಣಿನ ಅಳತೆ ಎಂದು ಅವನಿಗೆ ಊಟಕ್ಕೂ ಪುರಸೊತ್ತಿರಲಿಲ್ಲ. ಹಾಗಾಗಿ ಹೊರಟವರು ಮೂವರು: ಕಾರು ಓಡಿಸಲು ನಿಮ್ಮ ಅಮ್ಮ ಶಶಿ, ಪಕ್ಕದಲ್ಲಿ ನನ್ನ ಮೈದುನ ಚಂದ್ರಪ್ಪ, ಅಂದರೆ ನಿಮ್ಮ ಚಂದ್ರಜ್ಜ, ಹಿಂದೆ ನಾನು. ನನ್ನನ್ನು ಕರೆದುಕೊಂಡು ಹೋದದ್ದು ಸಹಿಗೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಕಾರು ನನ್ನ ಹೆಸರಿಗೆ ಆಗಿತ್ತು. ಕಳಸದಲ್ಲಿ ಒಬ್ಬ ಅಡಿಕೆ ವ್ಯಾಪಾರಿ ಅದನ್ನು ಕೊಳ್ಳಲು ಒಪ್ಪಿದ್ದರು.

ಮಾರಲು ಕಾರಣ ಎಚ್ಚರಿಕೆಯ ದೀಪಗಳು. ಒಂದು ತಿಂಗಳಿಂದ, ಚಾಲಕರ ಎದುರಿನ ಮೀಟರಿನ ಗಾಜಿನಲ್ಲಿ ಒಂದೊಂದೇ ದೀಪ ಹತ್ತತೊಡಗಿತ್ತು. ಮೊದಲು ಬ್ರೇಕಿನದು, ಆಮೇಲೆ ಸ್ಟೇರಿಂಗಿನದು, ಆಮೇಲೆ ಎಂಜಿನ್ ಚಿತ್ರದ್ದು. ಗ್ಯಾರೇಜಿನಲ್ಲಿ ಬ್ರೇಕ್ ಎಣ್ಣೆ ಬದಲಿಸಿದರು. ದೀಪ ಆರಿತು, ವಾರ ಕಳೆಯುವ ಮೊದಲೇ ಮತ್ತೆ ಹತ್ತಿತು. "ಒಂದು ದಿನ ಘಾಟಿಯಲ್ಲಿ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ ಅಂತಾದ್ರೆ ಎಂತ ಮಾಡ್ತೀಯ ಶಶಿ?" ಎಂದು ಚಂದ್ರಪ್ಪ ಕೇಳಿದ್ದ. ಅವನದು ಪ್ರೀತಿಯ ಹೆದರಿಕೆ. ಕಳಸದ ವ್ಯಾಪಾರಿಗೆ ಮಾತು ಕೊಟ್ಟು ಬಂದವನೂ ಅವನೇ.

ಆದರೆ ಕಾರು ಹೋದರೆ ಶಶಿಯ ಸಂಗೀತದ ಪಾಠವೂ ಹೋಗುತ್ತಿತ್ತು. ಬುಧವಾರ ಬಣಕಲ್, ಶನಿವಾರ ಜಾವಳಿ, ಹೀಗೆ ಅವಳ ಬಳಿ ಕಲಿಯುವ ಮಕ್ಕಳು ದೂರ ದೂರದಲ್ಲಿದ್ದರು. ಪಾಠ ಮುಗಿಸಿ ವಾಪಸು ಬರುವ ಹೊತ್ತಿಗೆ ಬಸ್ಸಿರಲಿಲ್ಲ. ಮದುವೆಯಾಗಿ ಬಂದು ಎಷ್ಟೋ ವರ್ಷದ ಮೇಲೆ ಅವಳು ಮತ್ತೆ ಬಾಯಿ ಬಿಟ್ಟು ಹಾಡಿದ್ದು ಈ ಕಾರು ಓಡಿಸಲು ಕಲಿತ ಮೇಲೆ. ಹಿಂದಿನ ರಾತ್ರಿ ಊಟ ಬಡಿಸುವಾಗ "ಹೋಗ್ಲಿ ಅತ್ತೆ, ಮನೇಲೇ ಹೇಳಿಕೊಟ್ರಾಯ್ತು" ಎಂದಳು. ನಮ್ಮ ಮನೆಯ ಹತ್ತಿರ ಕಲಿಯುವ ಮಕ್ಕಳೇ ಇರಲಿಲ್ಲ.

ಬೆಳಿಗ್ಗೆ ಮಂಜು ಬಿಡುವ ಮೊದಲೇ ಹೊರಟೆವು. ಕಾರು ಎಂದಿನಂತೆ ಅಂಗಳದ ಅಂಚಿನ ಇಳಿಜಾರಿನಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಂತಿತ್ತು. ನಮ್ಮದು ಮೂರು ತಲೆಯಿಂದ ಜೀಪಿನ ಮನೆ. ಎಲ್ಲೇ ಹೋದರೂ ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕು, ಕಲ್ಲು ತೆಗೆದು ಉರುಳಿಸಿಯೇ ಎಂಜಿನ್ ಎಬ್ಬಿಸಬೇಕು, ಕೀಲಿ ತಿರುಗಿಸಿ ಬ್ಯಾಟರಿ ದಂಡ ಮಾಡಬಾರದು ಎನ್ನುವುದು ಮನೆಯ ನೇಮ. ಜೀಪು ಹೋಗಿ ಕಾರು ಬಂದರೂ ನೇಮ ಹೋಗಿರಲಿಲ್ಲ. ಚಂದ್ರಪ್ಪ ಕಲ್ಲು ತೆಗೆದ, ಕಾರು ಉರುಳಿತು, ಎಂಜಿನ್ ಎದ್ದಿತು. ಮೂರು ದೀಪಗಳೂ ಎದ್ದವು.

ಮೂಡಿಗೆರೆ ದಾಟಿ ಬಣಕಲ್ ಬರುವಷ್ಟರಲ್ಲಿ ಬಿಸಿಲು ಬಿದ್ದಿತ್ತು. ರಸ್ತೆಯ ಎರಡೂ ಕಡೆ ಕಣಗಳಲ್ಲಿ ಕಾಫಿ ಹರಡಿದ್ದರು, ಕಿಟಕಿಯಿಂದ ಹುಳಿಹುಳಿಯಾದ ಹಣ್ಣಿನ ವಾಸನೆ ಬರುತ್ತಿತ್ತು. ನನಗೆ ಮನೆ ಬಿಟ್ಟು ಹೋಗುವುದೇ ಅಪರೂಪ. ಮಾರುವ ಕೆಲಸಕ್ಕೆ ಹೊರಟಿದ್ದೇವೆ ಎಂಬುದನ್ನು ಮರೆತು ಖುಷಿಯಲ್ಲಿ ಕೂತಿದ್ದೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಂತೆವು. ಇಳಿಜಾರಿನ ಜಾಗದಲ್ಲಿ ಧರ್ಮಸ್ಥಳದ ಬಸ್ಸು ನಿಂತಿತ್ತು. ಬೇರೆ ದಾರಿಯಿಲ್ಲದೆ ಶಶಿ ಸಮತಟ್ಟಿನಲ್ಲಿ ನಿಲ್ಲಿಸಿದಳು. ದೋಸೆ ತೆಳ್ಳಗೆ ಹತ್ತಿಯಂತಿತ್ತು, ಕಾಯಿಚಟ್ನಿ ಖಾರವಾಗಿತ್ತು. ಚಂದ್ರಪ್ಪ ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ತಿಂದು ಬಂದು ಶಶಿ ಕೀಲಿ ತಿರುಗಿಸಿದರೆ ಕಾರು ಟಕಟಕ ಎಂದು ಹಲ್ಲು ಕಡಿಯಿತು, ಏಳಲಿಲ್ಲ. ಗಾಜಿನ ದೀಪಗಳೆಲ್ಲ ಮಂಕಾಗಿ ಒಮ್ಮೆ ಆರಿ ಮತ್ತೆ ಹತ್ತಿದವು. ಬೆಳಗಿನ ತಿಂಡಿಯ ಹೊತ್ತಿನಲ್ಲೇ ಕಾರಿನ ಗಡಿಯಾರ ಹನ್ನೆರಡು ಗಂಟೆ ತೋರಿಸಿತು.

ಪಕ್ಕದಲ್ಲಿ ಬಾಳೂರಿನ ಜೀಪೊಂದು ಆಳುಗಳನ್ನು ತುಂಬಿಕೊಂಡು ನಿಂತಿತ್ತು. ಅದರ ಡ್ರೈವರ್ ಇಣುಕಿ, "ಏನ್ ಚಂದ್ರಪ್ಪಣ್ಣ, ದೋಸೆ ನೀವು ತಿಂದ್ರಿ, ಹೊಟ್ಟೆ ಭಾರ ಆಗಿದ್ದು ಕಾರಿಗಾ?" ಎಂದ.

"ನಗ್ಬೇಡ ಮಾರಾಯ, ತಳ್ಳು."

ನಾಲ್ಕೈದು ಜನ ಇಳಿದು ತಳ್ಳಿದರು. ಎದುರು ಬಂದ ದನವನ್ನು ಸರಿಸಲು ಶಶಿ ಹಾರನ್ ಒತ್ತಿದಳು. ನೆಗಡಿಯಾದ ಆಡಿನಂತೆ ಒಂದು ಸ್ವರ ಬಂತು. ದನ ಕದಲಲಿಲ್ಲ, ಜೀಪಿನವರೆಲ್ಲ ನಕ್ಕರು. ಕಾರು ಎದ್ದಿತು, ಮೂರಿದ್ದ ದೀಪ ಐದಾಯಿತು. ಚಂದ್ರಪ್ಪ ಎದೆ ಹಿಡಿದುಕೊಂಡು ಕೂತ. "ಇದನ್ನ ಕಳಸದವರೆಗೆ ಮುಟ್ಟಿಸಿದ್ರೆ ಸಾಕು ದೇವರೇ."

ಕಳಸದ ರಸ್ತೆ ನಿಮಗೆ ಗೊತ್ತಲ್ಲ, ಒಂದು ತಿರುವು ಮುಗಿದರೆ ಇನ್ನೊಂದು. ಪ್ರತಿ ತಿರುವಿಗೂ ಶಶಿ ಹಾರನ್ ಮಾಡುತ್ತಿದ್ದಳು. ನಾನು ಕೇಳುತ್ತಾ ಕೂತಿದ್ದೆ. ಕಾರು ಸ್ವಲ್ಪ ದೂರ ಓಡಿದ ಮೇಲೆ ಹಾರನ್ನಿನ ದನಿ ಸರಿಯಾಗುತ್ತಿತ್ತು, ಏರಿನಲ್ಲಿ ನಿಧಾನವಾದಾಗ ಮತ್ತೆ ಕುಗ್ಗುತ್ತಿತ್ತು. ಹೇಳಲೋ ಬೇಡವೋ ಎಂದು ಎರಡು ಮೂರು ತಿರುವು ಯೋಚಿಸಿದೆ. ಕೊನೆಗೆ "ಶಶಿ, ಹಾರನ್ ಯಾಕೆ ಹಾಗಾಗುತ್ತೆ?" ಎಂದೆ.

ಅವಳು ಮತ್ತೊಮ್ಮೆ ಒತ್ತಿ ಕಿವಿಗೊಟ್ಟಳು. "ಹೌದಲ್ಲ ಅತ್ತೆ. ಶ್ರುತಿ ಇಳಿದಿದೆ. ನನ್ನ ಶ್ರುತಿಪೆಟ್ಟಿಗೆ ಸೆಲ್ ಮುಗೀತಾ ಬಂದಾಗ ಹೀಗೇ ಆಗೋದು."

"ಇದಕ್ಕೆ ಸೆಲ್ ಎಲ್ಲಿ?" ಎಂದ ಚಂದ್ರಪ್ಪ. "ಬ್ಯಾಟರಿ ಸರಿಯಾಗಿದೆ. ನೋಡು, ಬ್ಯಾಟರಿ ಚಿತ್ರದ ದೀಪ ಒಂದೇ ಹತ್ತಿಲ್ಲ."

ಅದು ನಿಜವಾಗಿತ್ತು. ಒಂದು ತಿಂಗಳೂ ಆ ದೀಪ ಹತ್ತಿರಲಿಲ್ಲ. ಅದಕ್ಕೇ ಯಾರೂ ಆ ಕಡೆ ನೋಡಿರಲಿಲ್ಲ. ಆದರೂ ನಾನು ಬಾಯಿ ತೆರೆದಾಗಿತ್ತು, ಇನ್ನೊಂದು ಮಾತನ್ನೂ ಆಡಿಬಿಟ್ಟೆ: "ಒಂದೇ ದಿನ ಮನೆಮಂದಿಗೆಲ್ಲ ಹೊಟ್ಟೆ ಕೆಟ್ಟರೆ ಒಬ್ಬೊಬ್ಬರಿಗೆ ಒಂದೊಂದು ಕಷಾಯ ಮಾಡ್ತೀವಾ ಚಂದ್ರಪ್ಪ? ಬಾವಿ ನೀರು ನೋಡ್ತೀವಿ." ಅವನು ಹಿಂದೆ ತಿರುಗಿ ನನ್ನನ್ನೇ ನೋಡಿದ. ಅತ್ತಿಗೆ ಇಷ್ಟುದ್ದ ಮಾತಾಡಿದ್ದು ಅವನು ಕೇಳಿರಲಿಲ್ಲ.

ಜಾವಳಿಯಲ್ಲಿ ಶಶಿಯ ಶಿಷ್ಯೆಯೊಬ್ಬಳ ಮನೆಗೆ ಕಾರು ತಿರುಗಿಸಿದೆವು. ಆ ಹುಡುಗಿಯ ತಂದೆ ರಾಮಕೃಷ್ಣಯ್ಯನವರು ಅಡಿಕೆ, ಕಾಫಿ ಬೆಳೆಯುವವರು. ಮನೆಗೆ ಸೋಲಾರ್ ದೀಪ ಹಾಕಿಸಿದ್ದರಿಂದ ಬ್ಯಾಟರಿ ಅಳೆಯುವ ಮೀಟರು ಅವರಲ್ಲಿತ್ತು. ಕೇಳಿದ್ದೇ ತಡ, ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಬಾನೆಟ್ ತೆಗೆದರೆ ಬ್ಯಾಟರಿಯ ತುದಿಗಳಲ್ಲಿ ಹಸಿರುಮಿಶ್ರ ಬಿಳಿ ಬೂಷ್ಟು ಕಟ್ಟಿತ್ತು. ಅದನ್ನು ಬಿಸಿನೀರು, ಸೋಡಾಪುಡಿ ಹಾಕಿ ತಿಕ್ಕಿ ಒರೆಸಿ, ತಂತಿ ಬಿಗಿ ಮಾಡಿದರು. ಬೂಷ್ಟೇ ಕಾರಣವೇನೋ ಎಂದು ಎಲ್ಲರೂ ಆಸೆಪಟ್ಟೆವು. ಶಶಿ ಕೀಲಿ ತಿರುಗಿಸಿದಳು. ಮತ್ತೆ ಟಕಟಕ.

ಆಮೇಲೆ ಮೀಟರಿನ ಕಡ್ಡಿಗಳನ್ನು ಇಟ್ಟರು. ಸುಮ್ಮನೆ ಇದ್ದಾಗ ಹನ್ನೆರಡು ವೋಲ್ಟಿಗೂ ಕಡಿಮೆ. ಕೀಲಿ ತಿರುಗಿಸಿದಾಗ ಧಡಕ್ಕನೆ ಎಂಟಕ್ಕೆ ಇಳಿಯಿತು. ಅವರ ಮನೆಯ ಇಳಿಜಾರಿನಲ್ಲಿ ಉರುಳಿಸಿ ಎಂಜಿನ್ ಎಬ್ಬಿಸಿ ನೋಡಿದರೆ ಹದಿನಾಲ್ಕು.

"ಎಮ್ಮೆ ಸರಿಯಾಗಿದೆ, ಹಾಲು ಕೊಡ್ತಿದೆ," ಎಂದರು ರಾಮಕೃಷ್ಣಯ್ಯನವರು. "ಹಂಡೆ ತೂತು. ಎಂಜಿನ್ ಓಡುವಾಗ ಕರೆಂಟ್ ಬರ್ತದೆ, ಬ್ಯಾಟರಿ ಹಿಡಿದಿಟ್ಕೊಳ್ಳೋದಿಲ್ಲ. ಆ ಬ್ಯಾಟರಿ ದೀಪ ಹತ್ತೋದು ಎಮ್ಮೆ ಹಾಲು ನಿಲ್ಲಿಸಿದ್ರೆ ಮಾತ್ರ, ಹಂಡೆ ಒಡೆದ್ರೆ ಅಲ್ಲ."

"ಹಾಗಾದ್ರೆ ಬ್ರೇಕು, ಸ್ಟೇರಿಂಗು?"

"ಅವಕ್ಕೂ ಕರೆಂಟು ಬೇಕಲ್ಲ ಚಂದ್ರಪ್ಪನವ್ರೆ. ಹಸಿವಾಯ್ತು ಅಂತ ಒಬ್ಬೊಬ್ರಾಗಿ ಕೂಗಿವೆ, ಅಷ್ಟೇ ಅಂತ ಕಾಣ್ತದೆ. ಹೊಸ ಬ್ಯಾಟರಿ ಹಾಕಿ ನೋಡಿ, ಆಮೇಲೂ ಕೂಗಿದ್ರೆ ಬೇರೆ ಮಾತು. ಅಲ್ಲಾ, ಬೆಳಿಗ್ಗೆ ಬೆಳಿಗ್ಗೆ ಸ್ಟಾರ್ಟ್ ಆಗದೆ ಇದ್ದದ್ದು ನಿಮಗೆ ಗೊತ್ತೇ ಆಗ್ಲಿಲ್ವಾ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೇಗೆ ಗೊತ್ತಾಗಬೇಕು? ನಾವು ಕೀಲಿ ತಿರುಗಿಸಿಯೇ ಇರಲಿಲ್ಲ. ಬ್ಯಾಟರಿ ಉಳಿಯಲೆಂದು ದಿನಾ ಉರುಳಿಸುತ್ತಾ, ಅದು ಸತ್ತದ್ದನ್ನು ನಾವೇ ಮುಚ್ಚಿಟ್ಟಿದ್ದೆವು. ಚಂದ್ರಪ್ಪ ತಲೆ ಕೆರೆದುಕೊಂಡ. "ನಮ್ಮಪ್ಪ ಮಾಡಿದ ನೇಮ ಮಾರಾಯ್ರೆ" ಎಂದ. ರಾಮಕೃಷ್ಣಯ್ಯನವರು ನಗುತ್ತಾ, "ನಮ್ಮ ಜೀಪೂ ಇಳಿಜಾರಲ್ಲೇ ಇದೆ, ನೋಡಿ" ಎಂದು ತೋರಿಸಿದರು.

ಅವರ ಹೆಂಡತಿ ಬಿಡದೆ ಊಟಕ್ಕೆ ಕೂರಿಸಿದರು. ಒಂದೆಲಗದ ತಂಬುಳಿ, ಸೌತೆಕಾಯಿ ಹುಳಿ, ಹಪ್ಪಳ. ಬಡಿಸುತ್ತಾ "ಟೀಚರ್, ಶನಿವಾರ ಬರ್ತೀರಲ್ಲ? ಇವಳು ಹೊಸ ಕೀರ್ತನೆ ಅಂತ ಕುಣೀತಿದ್ದಾಳೆ" ಎಂದು ಕೇಳಿದರು. ಕಾರು ಮಾರಲು ಹೊರಟದ್ದು ಅವರಿಗೆ ತಿಳಿದಿರಲಿಲ್ಲ. ಶಶಿ ತಲೆ ಬಗ್ಗಿಸಿ ಅನ್ನ ಕಲಸುತ್ತಲೇ ಇದ್ದಳು.

ಮತ್ತೆ ಉರುಳಿಸಿ ಹೊರಟ ಮೇಲೆ ಕಳಸ ತಲುಪುವವರೆಗೂ ಎಂಜಿನ್ ನಿಲ್ಲಿಸಲಿಲ್ಲ. ಪೇಟೆಯಲ್ಲಿ ಒಂದು ಬ್ಯಾಟರಿ ಅಂಗಡಿ ಹುಡುಕಿ ಹೊಸದು ಹಾಕಿಸಿದೆವು. ಕೊಳ್ಳುವವರಿಗೆ ಕೆಟ್ಟ ಗಾಡಿ ಕೊಡಬಾರದು ಎಂದು ಚಂದ್ರಪ್ಪನೇ ಹಾಕಿಸಿದ. ಶಶಿ ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಎದ್ದಿತು. ಎಂಜಿನ್ ದೀಪ, ಇನ್ನೆರಡು ದೀಪ ಕೂಡಲೇ ಆರಿದವು. ಸ್ಟೇರಿಂಗಿನದು, ಬ್ರೇಕಿನದು ಉಳಿದವು. ಅಂಗಡಿಯವರು "ಸ್ಟೇರಿಂಗ್ ಈ ಕಡೆ ಪೂರ್ತಿ, ಆ ಕಡೆ ಪೂರ್ತಿ ತಿರುಗಿಸಿ ಅಕ್ಕ, ಆಮೇಲೆ ಒಂದು ಸುತ್ತು ಹೋಗಿ ಬನ್ನಿ" ಎಂದರು. ತಿರುಗಿಸಿದಾಗ ಒಂದು ಆರಿತು. ಭದ್ರಾ ಹೊಳೆಯ ಕಡೆಗೆ ಸ್ವಲ್ಪ ದೂರ ಓಡಿಸಿ, ಖಾಲಿ ರಸ್ತೆಯಲ್ಲಿ ಎರಡು ಸಲ ಬ್ರೇಕ್ ಒತ್ತಿ ನೋಡುವಷ್ಟರಲ್ಲಿ ಇನ್ನೊಂದೂ ಆರಿತು. ಗಾಜು ಕತ್ತಲಾಗಿ ಶಾಂತವಾಗಿತ್ತು. ಶಶಿ ಯಾರೂ ಇಲ್ಲದ ರಸ್ತೆಯಲ್ಲಿ ಒಮ್ಮೆ ಹಾರನ್ ಒತ್ತಿ, "ಈಗ ಸರಿಯಾಯ್ತು" ಎಂದಳು. ಅಷ್ಟು ಹೇಳಿ ಕಾರನ್ನು ಪೇಟೆಯ ಕಡೆ ತಿರುಗಿಸಿದಳು.

ವ್ಯಾಪಾರಿಯ ಅಂಗಡಿ ಹೊರನಾಡಿಗೆ ಹೋಗುವ ರಸ್ತೆಯಲ್ಲಿತ್ತು. ಒಳ್ಳೆಯ ಮನುಷ್ಯ. ಕಾಫಿ ತರಿಸಿದರು. ಕಾರನ್ನು ಸುತ್ತಿ ನೋಡಿ, ಓಡಿಸಿ ನೋಡಿ, "ದೀಪ ಹತ್ತುತ್ತೆ ಅಂದಿದ್ರಿ, ಎಲ್ಲಿ?" ಎಂದು ಕೇಳಿದರು. ಚಂದ್ರಪ್ಪ ಬ್ಯಾಟರಿಯ ಕಥೆ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣದಾಯಿತು. ಮಾತು ಕೊಟ್ಟವನು ಅವನು, ಹಿಂತೆಗೆಯಲು ಅವನಿಂದ ಆಗುತ್ತಿರಲಿಲ್ಲ. ಶಶಿ ಹಿರಿಯರಿಗೆ ಎದುರಾಡುವವಳಲ್ಲ. ವ್ಯಾಪಾರಿ ಕಾಗದ ಬಿಡಿಸಿ ನನ್ನ ಮುಂದಿಟ್ಟು ಪೆನ್ನು ಕೊಟ್ಟರು.

ಪರಗಂಡಸರ ಎದುರು ನಾನು ಅದುವರೆಗೆ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಿದ್ದು ನೆನಪಿಲ್ಲ. ಪೆನ್ನನ್ನು ಕಾಗದದ ಮೇಲೇ ಇಟ್ಟೆ.

"ಕಾರು ಕೊಡೋದಿಲ್ಲ," ಎಂದೆ. "ಕೆಟ್ಟಿದೆ ಅಂತ ಕೊಡೋಕೆ ಬಂದಿದ್ವಿ. ಕೆಟ್ಟಿಲ್ಲ. ನನ್ನ ಸೊಸೆಗೆ ಶನಿವಾರ ಜಾವಳಿಗೆ ಹೋಗ್ಬೇಕು."

ವ್ಯಾಪಾರಿ ಕಾಗದ ಮಡಿಸಿದರು. "ಹೋಗ್ಲಿ ಬಿಡಿ ಅಮ್ಮ. ನಿಮ್ಮ ಗಾಡಿ, ನಿಮ್ಮ ಸಹಿ. ತಪ್ಪು ನಿಮ್ಮ ಮೈದುನಂದು, ಬ್ಯಾಟರಿ ಹಾಕಿಸೋ ಮೊದ್ಲೇ ನಮ್ಮ ಅಂಗಡಿಗೆ ಬರ್ಬೇಕಿತ್ತು." ಚಂದ್ರಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಮನಸ್ಸಿನಿಂದಲೂ ಒಂದು ಭಾರ ಇಳಿದಂತಿತ್ತು.

ಬಸ್ಸಿನಲ್ಲಿ ವಾಪಸು ಬರಲೆಂದು ಟಿಕೆಟಿನ ಚಿಲ್ಲರೆಯನ್ನು ಸೆರಗಿಗೆ ಕಟ್ಟಿಕೊಂಡಿದ್ದೆ. ಅದರಲ್ಲಿ ನಿಮಗೆ ಬೆಂಡು ಬತ್ತಾಸು ಕೊಂಡೆ. ದಾರಿಯುದ್ದಕ್ಕೂ ಶಶಿ ಆ ಹೊಸ ಕೀರ್ತನೆಯನ್ನು ಗುನುಗುತ್ತಾ ಓಡಿಸಿದಳು. ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವಳು ಕಾರನ್ನು ಅಂಗಳದ ನಡುವೆ, ಸಮತಟ್ಟಿನಲ್ಲಿ ನಿಲ್ಲಿಸಿದಳು. ಚಂದ್ರಪ್ಪ ಇಳಿದು ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟ. ಉರುಳಲು ಅಲ್ಲಿ ಇಳಿಜಾರೇ ಇರಲಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಕಾರಿನ ಮುಂದಿನ ಖಾನೆಯಲ್ಲಿ, ಅದರ ಪುಸ್ತಕದ ಜೊತೆಗೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಅಲ್ಲಿ ತೇವ ಹಿಡಿಯುತ್ತದೆ, ಆಗ ಒಳಗೆ ತಂದು ನಿಮ್ಮ ಅಮ್ಮನ ಶ್ರುತಿಪೆಟ್ಟಿಗೆಯ ಹತ್ತಿರ ಇಡಿ. ಮುಂದೆ ಎಂದಾದರೂ ಈ ಕಾರನ್ನು ಕೊಡುವ ದಿನ ಬಂದರೆ ಕೊಡಿ, ನನಗೆ ಬೇಸರವಿಲ್ಲ. ಖಾನೆಯಿಂದ ಈ ಹಾಳೆಗಳನ್ನು ಮಾತ್ರ ತೆಗೆದಿಟ್ಟುಕೊಳ್ಳಿ.