ಭಟ್ಟರ ಸ್ಕೀಮಾದಲ್ಲಿ ಒಂದು ಹೆಸರು

ಪರಿಮಳಾ ನನ್ನ ಕಂಪ್ಯೂಟರ್ ಸೆಂಟರಿಗೆ ಕೆಲಸಕ್ಕೆ ಬಂದದ್ದು ತೊಂಬತ್ತೊಂಬತ್ತರಲ್ಲಿ. ಕೋಲಸಿರ್ಸಿಯಿಂದ ಬೆಳಗಿನ ಬಸ್ಸಿಗೆ ಸಿದ್ದಾಪುರ ಪೇಟೆಗೆ ಬಂದು, ಸಂಜೆ ಬಸ್ಸಿಗೆ ವಾಪಸು ಹೋಗುತ್ತಿದ್ದಳು. ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸ. ಮಗಳು ಸಮೃದ್ಧಿಯನ್ನು ಎತ್ತಿ ಆಡಿಸಿ ಬೆಳೆಸಿದ್ದೆಲ್ಲ ಅತ್ತೆ ಗೌರಕ್ಕ. ಪರಿಮಳೆಯಷ್ಟು ಅಚ್ಚುಕಟ್ಟಿನ ಹೆಂಗಸನ್ನು ನಾನು ನೋಡಿಲ್ಲ. ಕೀಬೋರ್ಡಿಗೆ ಹೊದಿಸುವ ಬಟ್ಟೆಯನ್ನೂ ವಾರಕ್ಕೊಮ್ಮೆ ಒಗೆಯುತ್ತಿದ್ದಳು, ಮಹಾರಾಯ್ತಿ!

ಗಿರಾಕಿಗಳ ಪಟ್ಟಿ ಇಟ್ಟು ಕಾರ್ಡು ಕಳಿಸುವುದು ನಮ್ಮ ಕೆಲಸ. ನಾನು ಜಿಪುಣ, ಒಪ್ಪಿಕೊಳ್ಳುತ್ತೇನೆ. ಗಿರಾಕಿಗೊಂದು ಕಂಪ್ಯೂಟರ್ ಎಲ್ಲಿಂದ ತರಲಿ? ಅವಳೇ ದಾರಿ ಹುಡುಕಿದಳು. ಡೇಟಾಬೇಸು ಒಂದೇ, ಅದರೊಳಗೆ ಗಿರಾಕಿಗೊಂದು ಸ್ಕೀಮಾ. ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆ ಇದ್ದಂತೆ. ಪುರೋಹಿತ ಅನಂತಮೂರ್ತಿ ಭಟ್ಟರ ಕೋಣೆಯಲ್ಲಿ ತೀರಿಕೊಂಡವರ ಹೆಸರು, ತಾರೀಕು, ಮನೆಯ ವಿಳಾಸ. ತಿಥಿ ಹುಡುಕಿ ತಿಂಗಳು ಮೊದಲೇ ಶ್ರಾದ್ಧದ ಕಾರ್ಡು ಹೋಗುತ್ತಿತ್ತು. ಮಕ್ಕಳ ಡಾಕ್ಟರರ ಕೋಣೆಯಲ್ಲಿ ಮಕ್ಕಳ ಹೆಸರು, ಹುಟ್ಟಿದ ತಾರೀಕು, ವಿಳಾಸ. ಅಲ್ಲಿಂದ ಚುಚ್ಚುಮದ್ದಿನ ಕಾರ್ಡು. ಎರಡು ಪಟ್ಟಿಗಳೂ ನೋಡಲಿಕ್ಕೆ ಒಂದೇ ಥರ. ಯಾವ ಸ್ಕೀಮಾ ಎಂದು ಪ್ರತಿ ಸಲ ಹೇಳಬೇಕು, ಇಲ್ಲದಿದ್ದರೆ ಯಂತ್ರ ಕೊನೆಗೆ ತೆರೆದ ಕೋಣೆಯಲ್ಲೇ ಬರೆದುಕೊಳ್ಳುತ್ತದೆ. ಏಳು ವರ್ಷದಲ್ಲಿ ಅವಳು ಒಮ್ಮೆಯೂ ಮರೆತಿರಲಿಲ್ಲ.

ಎರಡು ಸಾವಿರದ ಆರರ ಆಷಾಢ. ಸಮೃದ್ಧಿಗೆ ಹತ್ತು ತುಂಬುವುದರಲ್ಲಿತ್ತು. ಹತ್ತನೇ ವರ್ಷದ ಚುಚ್ಚುಮದ್ದಿನ ಪಟ್ಟಿಗೆ ಮಗಳ ಹೆಸರನ್ನೂ ಸೇರಿಸಲು ಪರಿಮಳಾ ಖುಷಿಯಲ್ಲಿ ಕೂತಿದ್ದಳು. ಅಷ್ಟರಲ್ಲಿ ಭಟ್ಟರ ಫೋನು. ಅವರಿಗೆ ಯಾರದೋ ತಿಥಿ ನೋಡಿ ಹೇಳಬೇಕಿತ್ತು. "ಬೇಗ ನೋಡೇ" ಎಂದು ಗಡಿಬಿಡಿ ಮಾಡಿದವನು ನಾನೇ. ಅವಳು ಭಟ್ಟರ ಕೋಣೆ ತೆರೆದು ನೋಡಿ ಹೇಳಿದಳು, ಮತ್ತೆ ಕೋಣೆ ಬದಲಿಸದೆಯೇ ಮಗಳ ಹೆಸರು ಬರೆದಳು. ವಾರ ಕಳೆದ ಮೇಲೆ ಕಾರ್ಡುಗಳ ಕಟ್ಟನ್ನು ಓದದೆ ಅಂಚೆಗೆ ಹಾಕಿದವನೂ ನಾನೇ. ನನ್ನ ಕೈ ಸೇದಿಹೋಗಲಿ!

ಗೌರಕ್ಕನಿಗೆ ಎಪ್ಪತ್ತೆಂಟು, ಅರಳುಮರಳು ಶುರುವಾಗಿತ್ತು. ಆದರೆ ಭಟ್ಟರ ಕಾರ್ಡೆಂದರೆ ಪೂರಾ ನಂಬಿಕೆ; ಗಂಡನ ತಿಥಿಯನ್ನು ಅದು ಪ್ರತಿ ವರ್ಷ ಸರಿಯಾಗಿ ಹೇಳುತ್ತಿತ್ತು. ಈ ಸಲದ ಕಾರ್ಡಿನಲ್ಲಿ ಇದ್ದದ್ದು ಸಮೃದ್ಧಿಯ ಶ್ರಾದ್ಧ, ಶ್ರಾವಣ ಬಹುಳ ಪಂಚಮಿ. ಹುಟ್ಟಿದ ತಾರೀಕನ್ನೇ ಯಂತ್ರ ತೀರಿಕೊಂಡ ತಾರೀಕೆಂದು ಹಿಡಿದಿತ್ತು.

ಕಾರ್ಡು ತಲುಪಿದ ಮರುದಿನ ಬೆಳಿಗ್ಗೆ ಪರಿಮಳಾ ಅದನ್ನು ಹಿಡಿದು ನನ್ನ ಬಳಿ ಓಡಿಬಂದಳು. "ರಘುಪತಣ್ಣ, ಅತ್ತೆಗೆ ಕೂಸು ಕಾಣ್ತಿಲ್ಲೆ. ಎದುರಿಗೇ ನಿಂತ್ರೂ ಕಾಣ್ತಿಲ್ಲೆ!"

ಭಟ್ಟರ ಸ್ಕೀಮಾದಿಂದ ಹೆಸರು ಅಳಿಸಿದೆವು. ಹೊಸ ಕಾರ್ಡು ಮುದ್ರಿಸಿ, ಭಟ್ಟರ ಸಹಿ ಹಾಕಿಸಿಕೊಂಡು ಇಬ್ಬರೂ ಕೋಲಸಿರ್ಸಿಗೆ ಹೋದೆವು.

ಗೌರಕ್ಕ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು. "ಬಾರೋ ತಮಾ, ಆಸ್ರಿಗೆ ಎಂತ ಬೇಕು?" ಎಂದು ಕುಡಿಯಲಿಕ್ಕೆ ಕೇಳಿದಳು. ನನ್ನ ಅಪ್ಪನ ಮಂಡಿನೋವನ್ನೂ ವಿಚಾರಿಸಿದಳು. ಸಮೃದ್ಧಿ ಪಕ್ಕದಲ್ಲಿ ಕೂತು, "ಅಮ್ಮಮ್ಮಾ" ಎಂದು ಅವಳ ಕೈ ಹಿಡಿದಳು. ಗೌರಕ್ಕ ತನ್ನ ಕೈ ಬಿಡಿಸಿ ಸೆರಗಿನೊಳಗೆ ಎಳೆದುಕೊಂಡು, "ಎಂಥಾ ಥಂಡಿ ಗಾಳಿ, ಬಾಗ್ಲು ಹಾಕೇ ಪರಿಮಳಾ" ಎಂದಳು.

ನಾನು ಕಾರ್ಡು ಕೊಟ್ಟೆ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: "ಹಿಂದಿನ ಕಾರ್ಡು ತಪ್ಪಾಗಿ ಬಂದಿದೆ. ಚಿ. ಸಮೃದ್ಧಿ ಬದುಕಿದ್ದಾಳೆ." ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ ತಿರುಗಿ ಮೊಮ್ಮಗಳ ಮುಖವನ್ನೇ ನೋಡಿದಳು. ಕಣ್ಣು ತುಂಬಿ ಬಂತು. ದೇವರೇ, ಗೆದ್ದೆವು ಎಂದುಕೊಂಡೆ.

"ಅಯ್ಯೋ ಕೂಸೇ, ಇಲ್ಲೇ ಇದ್ಯನೇ" ಎಂದು ತಲೆ ಸವರಿದಳು. ಆಮೇಲೆ ನಮ್ಮತ್ತ ಬಾಗಿ ದನಿ ತಗ್ಗಿಸಿದಳು. "ಪಾಪ, ಸತ್ತಿದ್ದು ಅದ್ಕೆ ಗೊತ್ತಿಲ್ಲೆ. ನಿಂಗ ಯಾರೂ ಹೇಳದು ಬ್ಯಾಡ."

ಸಮೃದ್ಧಿಗೆ ಕೇಳಿಸಿತ್ತು. ಎದ್ದು ಅಮ್ಮನ ಹತ್ತಿರ ಬಂದು, "ಆಯಿ, ಹೌದನೇ?" ಎಂದಳು.

ಪರಿಮಳಾ ಮಗಳ ತೋಳನ್ನು ಜೋರಾಗಿ ಚಿವುಟಿದಳು. ಕೆಂಪಗೆ ಗುರುತು ಬಿತ್ತು. "ನೋವಾತಾ? ಹೇಳೇ, ನೋವಾತಾ?"

ಸಮೃದ್ಧಿ ಆ ಗುರುತನ್ನೇ ನೋಡುತ್ತ ನಿಂತಳು. ಆಮೇಲೆ ಅದೇ ಜಾಗದಲ್ಲಿ ತಾನೇ ಇನ್ನೊಮ್ಮೆ, ಇನ್ನೂ ಜೋರಾಗಿ ಚಿವುಟಿಕೊಂಡಳು.