ಮಾಡು ಹತ್ತಿ ಕರೆಯುವವನು

ಲಿನ್‌ಜಿ ಪಟ್ಟಣದ ಪಶ್ಚಿಮ ದ್ವಾರದ ಬಳಿ ಅರಸರು ಪಂಡಿತರಿಗಾಗಿ ಕಟ್ಟಿಸಿಕೊಟ್ಟ ಮನೆಗಳಿವೆ. ಲೋಕವನ್ನು ತಿದ್ದುವುದು ಹೇಗೆಂದು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ವಾದ ನಡೆಯುತ್ತದೆ. ಲೋಕ ಇನ್ನೂ ತಿದ್ದಿಕೊಂಡಿಲ್ಲವಾದ್ದರಿಂದ ಊಟವೂ ತಪ್ಪದೆ ಸಿಗುತ್ತದೆ. ನಾನು ಹೇಳಹೊರಟಿರುವ ಚುನ್‌ಯು ಪಿಂಗನಿಗೆ ಆ ಬೀದಿಯಲ್ಲಿ ಮನೆ ಇರಲಿಲ್ಲ. ಅವನಿಗೆ ಲೋಕವನ್ನು ತಿದ್ದುವ ಉಪಾಯ ಗೊತ್ತಿರಲಿಲ್ಲ. ಮನೆಯ ಮಾಡು ಹತ್ತುವುದು ಮಾತ್ರ ಗೊತ್ತಿತ್ತು.

ಹಿರಿಯರ ವಿಧಿಗಳೇ ಲೋಕವನ್ನು ಕಾಯುತ್ತವೆಂದ ನಮ್ಮ ಗುರುಗಳ ಮಾರ್ಗದಲ್ಲಿ ನಡೆಯುವ ಮನೆಗಳಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಒಬ್ಬನು ಅವರ ನಿಲುವಂಗಿಯನ್ನು ಹಿಡಿದು ಮಾಡಿನ ನೆತ್ತಿಗೇರಬೇಕು. ಉತ್ತರಕ್ಕೆ ಮುಖ ಮಾಡಿ, ಹೆಸರು ಹಿಡಿದು, "ಮರಳಿ ಬಾ" ಎಂದು ಮೂರು ಬಾರಿ ಕೂಗಬೇಕು. ಬಳಿಕ ಅಂಗಿಯನ್ನು ಅಂಗಳಕ್ಕೆಸೆದು ಹಿಂಬದಿಯಿಂದ ಇಳಿಯಬೇಕು. ಆ ಅಂಗಿಯನ್ನು ದೇಹಕ್ಕೆ ಹೊದಿಸುತ್ತಾರೆ. ಹೋದ ಪ್ರಾಣವನ್ನು ಕೊನೆಯದಾಗಿ ಒಮ್ಮೆ ಕರೆಯದೆ ಹೇಗೆ ಬಿಟ್ಟುಕೊಡುವುದು? ಪಿಂಗನ ಜೀವನವೆಲ್ಲ ಈ ಕರೆಯಲ್ಲೇ ಕಳೆದಿತ್ತು. ಯಾರೂ ಬಂದಿರಲಿಲ್ಲ. ಆದರೂ ಪ್ರತಿ ಸಲವೂ ಅವನು ಕೂಗಿ, ಕಿವಿಗೊಟ್ಟು, ಕ್ಷಣಕಾಲ ಕಾಯುತ್ತಿದ್ದ. ವಿಧಿಯಲ್ಲಿ ಕಾಯಬೇಕೆಂದಿಲ್ಲ, ಅದು ಅವನ ಸ್ವಂತ ಸೇರ್ಪಡೆ.

ಮೋ ಪಂಥದ ಬಡಗಿ ಷೆನ್ ಗುವೊ ಅವನನ್ನು ಕಂಡಾಗಲೆಲ್ಲ, "ಏನ್ ಪಿಂಗಣ್ಣ, ಮಾಡಿನ ಮೇಲೆ ಸಿಗ್ಲಿಲ್ವಾ? ಇಲಿ ಬಿಲದಲ್ಲಿ ನೋಡಿದ್ಯಾ?" ಎಂದು ಕೇಳುತ್ತಿದ್ದ. ನಮ್ಮವರು ಸಾವಿನ ಮನೆಯ ಊಟ ಹುಡುಕಿಕೊಂಡು ತಿರುಗುವವರೆಂಬುದು ಆ ಪಂಥದ ಖಚಿತ ಅಭಿಪ್ರಾಯ. ತನ್ನ ಪಂಥ ಹೇಳಿಕೊಟ್ಟಂತೆ ಷೆನ್ ಗುವೊ ಲೋಕದ ಸಕಲರನ್ನೂ ಸಮನಾಗಿ ಪ್ರೀತಿಸುತ್ತಿದ್ದ. ಯಾರದೋ ಊರಿನ ಕೋಟೆಗೆ ಮುತ್ತಿಗೆ ಬಿದ್ದರೆ ಕಾಲು ಬೊಬ್ಬೆ ಬರುವಂತೆ ನಡೆದು ಹೋಗಿ ಕಾವಲು ನಿಲ್ಲುತ್ತಿದ್ದ. ಪಕ್ಕದ ಮನೆ ಮಾತ್ರ ಅವನ ಪ್ರೀತಿಯ ಕಣ್ಣಿಗೆ ಬೀಳದಷ್ಟು ಹತ್ತಿರವಾಗಿತ್ತು.

ಆ ಪಕ್ಕದ ಮನೆಯೇ ಗುವಾನ್ ಅಜ್ಜಿಯದು. ಹುದುಗಿಸಿದ ಕಾಳಿನ ಗೊಜ್ಜು ಮಾರಿ ಮಗನನ್ನು ಓದಿಸಿದವಳು. ಮಗ ಗುವಾನ್ ಝುವೊ ಓದಿದ. ಓದಿ, ಮಾತೃಭಕ್ತನೆಂದು ಹೆಸರಾದವನಿಗೆ ಅರಮನೆಯಲ್ಲಿ ಹುದ್ದೆ ಸಿಗುತ್ತದೆಂಬ ಸಾರವನ್ನು ಗ್ರಹಿಸಿದ. ತಾಯಿ ಚಳಿಗಾಲದಲ್ಲಿ ಹಾಸಿಗೆ ಹಿಡಿದಾಗ ಅವಳಿಗೆ ಔಷಧ ತರುವ ಮೊದಲು ತನಗೆ ಒರಟು ಸೆಣಬಿನ ಶೋಕವಸ್ತ್ರವನ್ನೂ ಊರಿಕೊಂಡು ನಡೆಯಲು ಶೋಕದ ಕೋಲನ್ನೂ ಸಿದ್ಧಪಡಿಸಿಕೊಂಡ. ಸಮಾಧಿಯ ಪಕ್ಕದ ಗುಡಿಸಲಿನಲ್ಲಿ ಮೂರು ವರ್ಷ ಕೂತು ಸೊರಗುವ ಸಂಕಲ್ಪವನ್ನು ಮುಂಚಿತವಾಗಿಯೇ ಊರಿಗೆಲ್ಲ ತಿಳಿಸಿದ.

ಉಸಿರು ನಿಂತಿತೇ ಎಂದು ನೋಡಲು ಮೂಗಿನ ಬಳಿ ಹೊಸ ರೇಷ್ಮೆಯ ನಾಲ್ಕು ಎಳೆ ಹಿಡಿಯುವುದು ನಮ್ಮ ಪದ್ಧತಿ. ನಾಲ್ಕು ಎಳೆ ಬಡವರ ಭಕ್ತಿಯಂತೆ ಕಾಣುತ್ತದೆಂದು ಝುವೊ ಮುಷ್ಟಿಗಾತ್ರದ ಉಂಡೆಯನ್ನೇ ಇಟ್ಟ. ಅದನ್ನು ಅಲುಗಿಸಬೇಕಾದರೆ ಬಿರುಗಾಳಿ ಬೇಕಿತ್ತು. ಅಜ್ಜಿಯ ಬಡ ಉಸಿರು ಆ ಭಕ್ತಿಯ ಮುಂದೆ ಸೋತಿತು. ಮನೆಯವರು ಗೋಳಿಟ್ಟರು, ಒಲೆಗೆ ನೀರು ಸುರಿದರು, ಓಣಿಯ ಮುಖಂಡ ಲು ಚಿಗೆ ಸುದ್ದಿ ಮುಟ್ಟಿಸಿದರು. ಕಾನೂನೇ ತಂದೆ, ದಂಡವೇ ತಾಯಿ ಎಂದು ನಂಬಿದ ಆತ ಓಡಿಹೋಗಿ ಕಚೇರಿಗೆ ಸಾವನ್ನು ತಿಳಿಸಿಬಂದ.

ಪಿಂಗ ಮಾಡು ಹತ್ತಿದ. ಕೂಗಿದ. ಅಂಗಿ ಎಸೆದ. ಅದನ್ನು ಹೊದಿಸುತ್ತಿದ್ದಾಗ ಅಜ್ಜಿ ಸೀನಿದಳು.

ರೇಷ್ಮೆಯ ಉಂಡೆ ಮಗನ ಮಡಿಲಿಗೆ ಬಂದು ಬಿತ್ತು. ಅಜ್ಜಿ ಕಣ್ಣು ತೆರೆದು, ಮಾಡಿನ ಮೇಲೆ ನಿಂತು ಅರಚಿದವನು ಯಾರೆಂದು ಕೇಳಿ, ಒಂದು ಬಟ್ಟಲು ಬಿಸಿ ಗಂಜಿ ತರಲು ಹೇಳಿದಳು. ಧ್ವನಿ ದಾರದಷ್ಟು ತೆಳ್ಳಗಿತ್ತು, ಕೈಕಾಲು ತಣ್ಣಗಿದ್ದವು. ಹೊಟ್ಟೆಗೆ ಬಿಸಿ ಏನಾದರೂ ಬೀಳದಿದ್ದರೆ ಆ ಜೀವ ಇನ್ನೊಮ್ಮೆ ಹೊರಡುವುದೆಂದು ಯಾರಿಗಾದರೂ ತಿಳಿಯುವಂತಿತ್ತು.

"ಅವ್ವಾ, ಮನೇಲಿ ಸಾವಾಗಿದೆ. ಮೂರು ದಿನ ಒಲೆ ಹಚ್ಚೋ ಹಾಗಿಲ್ಲ," ಎಂದ ಝುವೊ.

"ಅಯ್ಯೋ, ಯಾರು ಹೋದ್ರೋ?"

"ನೀವೇ ಅವ್ವಾ," ಎಂದ ಮಗ, ತಲೆ ಬಾಗಿಸಿ, ಪರಿಪೂರ್ಣ ಗೌರವದಿಂದ.

ಅಷ್ಟರಲ್ಲಿ ಓಣಿಯೆಲ್ಲ ನೆರೆದಿತ್ತು. ನೆರೆಯವರು ಶೋಕದ ಮನೆಗೆ ಗಂಜಿ ತರುವುದು ಮೂರನೆಯ ದಿನ. ಆದ್ದರಿಂದ ಸಂಪ್ರದಾಯಸ್ಥರೆಲ್ಲ ಕೈಕಟ್ಟಿ ನಿಂತಿದ್ದರು. ಷೆನ್ ಗುವೊ ತನ್ನ ಪಂಥ ಒಪ್ಪುವ, ತೆಳು ಹಲಗೆಯ ಮಿತವ್ಯಯದ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತೇ ಬಂದಿದ್ದ. ಕೆಳಗಿಳಿಸಿದರೆ ಪಿಂಗನ ಕರೆ ಫಲಿಸಿತೆಂದು ಸೋಲೊಪ್ಪಿದಂತೆ, ಹೊತ್ತೇ ನಿಂತರೆ ಭಾರ. ಅವನು ಈ ಸಂಕಟದಲ್ಲೇ ಮುಳುಗಿದ್ದ. ನದಿ ದಂಡೆಯಲ್ಲಿ ಗಾಳ ಹಾಕಿ ಕೂರುವ ವಿರಾಗಿಯೊಬ್ಬ, ಸಾವೆಂಬ ತನ್ನ ಮನೆಗೆ ಹೊರಟವಳನ್ನು ಯಾಕೆ ತಡೆದಿರೆಂದು ನಕ್ಕು ಹೊರಟುಹೋದ. ಮೀನು ಕಚ್ಚುವ ಹೊತ್ತಾಗಿತ್ತಂತೆ. ಲು ಚಿ ಮಾತ್ರ ಬೆವೆತುಹೋಗಿದ್ದ. ಹಾಸಿಗೆಯ ಬಳಿ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡ:

"ಅಜ್ಜೀ, ನೀವು ಸತ್ರಿ ಅಂತ ಹೇಳಿಬಂದಿದೀನಿ. ಈಗ ಬದುಕಿದೀರಿ ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ, ಒಬ್ಬರ ತಪ್ಪಿಗೆ ಓಣಿಯ ಐದು ಮನೆಗೂ ಶಿಕ್ಷೆ. ನಾನು ಕಚೇರೀಲಿ ಕೇಳ್ಕೊಂಡು ಬರೋ ತನಕ ಹಾಗೇ ಮಲಗಿರಿ, ನಿಮ್ಮ ದಮ್ಮಯ್ಯ."

"ಕೇಳ್ಕೊಂಡು ಬಾರಪ್ಪ. ಬರ್ತಾ ದಾರೀಲಿ ಗಂಜಿ ಸಿಕ್ರೆ ತಗೊಂಬಾ," ಎಂದಳು ಅಜ್ಜಿ.

ಮಾಡಿನ ಮೇಲೆ ಇನ್ನೂ ಕಾಯುತ್ತಿದ್ದ ಪಿಂಗ ಕೆಳಗಿನ ಗದ್ದಲ ಕೇಳಿ, ಹಿಂಬದಿಯಿಂದ ಇಳಿಯುವ ಅವಸರದಲ್ಲಿ ಮಂಡಿ ತರಚಿಕೊಂಡು, ಹುಲ್ಲು ಹತ್ತಿದ ಅಂಗಿಯಲ್ಲೇ ಒಳಬಂದ. ಜೀವಮಾನವೆಲ್ಲ ಕಾದ ಉತ್ತರ ಬಂದಾಗ ಮನುಷ್ಯನ ಮುಖ ಹೇಗಿರುತ್ತದೆಂದು ನಾನು ಅಂದು ಕಂಡೆ. ಅವನು ನೇರ ಅಡಿಗೆಮನೆಗೆ ಹೋಗಿ, ಒದ್ದೆ ಬೂದಿ ಬಾಚಿ, ಬೆಂಕಿ ಹೊತ್ತಿಸಲು ಕೂತ. ಝುವೊ ಬಾಗಿಲಿಗೆ ಅಡ್ಡ ನಿಂತ. ಇದನ್ನೇನಾದರೂ ಮಾಡಿದರೆ ಈ ಪಟ್ಟಣದಲ್ಲಿ ಇನ್ನು ಯಾವ ಮರ್ಯಾದಸ್ಥ ಮನೆಯೂ ಅವನನ್ನು ಕರೆಯಲಾರದೆಂದು ಎಚ್ಚರಿಸಿದ. ಅದು ಸುಳ್ಳು ಬೆದರಿಕೆಯಾಗಿರಲಿಲ್ಲ. ಪಿಂಗನಿಗೆ ಬೇರೆ ಅನ್ನದ ದಾರಿ ಇರಲಿಲ್ಲ.

"ಒಲೆ ಹಚ್ಚಬಾರ್ದು ಅಂತ ವಿಧಿ ಹೇಳಿಕೊಟ್ಟಿದ್ದು ನೀವೇ ಅಲ್ವಾ ಗುರುಗಳೇ?"

"ಹೌದಪ್ಪ, ನಾನೇ," ಎಂದ ಪಿಂಗ, ಊದುವುದನ್ನು ನಿಲ್ಲಿಸದೆ. "ಬಾ ಅಂತ ಕರೆದೋನೂ ನಾನೇ. ಕರೆದೆ, ಬಂದ್ರು. ಬಂದೋರಿಗೆ ಒಂದು ಬಟ್ಟಲು ಗಂಜಿ ಕೊಡ್ದೆ ಇದ್ರೆ, ಇಷ್ಟು ವರ್ಷ ನಾನು ಮಾಡಿನ ಮೇಲೆ ನಿಂತು ಹೇಳಿದ್ದೆಲ್ಲ ಸುಳ್ಳಾಗುತ್ತೆ. ಪಕ್ಕಕ್ಕೆ ಸರಿ, ಹೊಗೆ ಕಟ್ಕೋತಿದೆ."

ನವಣೆ ಬೆಂದಿತು. ಅಜ್ಜಿ ಮೊದಲ ಗುಟುಕು ಕುಡಿದು, ಸಪ್ಪೆ ಎಂದಳು; ತನ್ನ ಗೊಜ್ಜನ್ನು ಒಂದಿಷ್ಟು ತರಿಸಿ ಕಲಸಿಕೊಂಡಳು. ಆಮೇಲೆ ಐದು ವರ್ಷ ಬದುಕಿದಳು. ಮಗನ ಹುದ್ದೆಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇರೊಂದಿರಲಿಲ್ಲ. ಕಚೇರಿಯು ಬಹುಕಾಲ ಚರ್ಚಿಸಿ, ಅವಳು ಬದುಕಿರುವುದನ್ನು ಒಪ್ಪಿಕೊಂಡಿತು. ಸುಳ್ಳು ಸಾವು ತಿಳಿಸಿದ ದಂಡವಾಗಿ ಓಣಿಯ ಐದು ಮನೆಗಳಿಂದ ಒಬ್ಬೊಬ್ಬರು ಕೋಟೆಗೆ ಮಣ್ಣು ಹೊರಬೇಕಾಯಿತು. ಷೆನ್ ಗುವೊ ಆ ಪೆಟ್ಟಿಗೆಯನ್ನು ವ್ಯರ್ಥ ಮಾಡದೆ ಅದರಲ್ಲಿ ಉಳಿಗಳನ್ನಿಟ್ಟುಕೊಂಡ.

ಝುವೊ ಹೇಳಿದಂತೆಯೇ ದೊಡ್ಡ ಮನೆಗಳವರು ಪಿಂಗನನ್ನು ಕರೆಯುವುದನ್ನು ಬಿಟ್ಟರು. ಬಡವರು ಬಿಡಲಿಲ್ಲ. ಅವನು ಮಾಡು ಹತ್ತುವ ಮೊದಲು ಒಂದೇ ಹೊಸ ನಿಯಮ ಹೇಳುತ್ತಿದ್ದ: ನೆರೆಮನೆಯಲ್ಲಿ ಒಂದು ಬಟ್ಟಲು ಗಂಜಿ ಬಿಸಿಯಾಗಿರಲಿ, ಬಂದವರು ಹಸಿದುಕೊಂಡಿರಬಾರದು. ಆಮೇಲೆ ಕೂಗಿ, ಕಿವಿಗೊಟ್ಟು, ಮೊದಲಿಗಿಂತ ಹೆಚ್ಚು ಹೊತ್ತು ಕಾಯುತ್ತಿದ್ದ.

ಮತ್ತೆ ಯಾರೂ ಬರಲಿಲ್ಲ. ಇಳಿದು ಬಂದು, ಆರಿಹೋದ ಆ ಗಂಜಿಯನ್ನು ಚೆಲ್ಲಲಾರದೆ ಗೋಡೆಯ ಬದಿಯಲ್ಲಿ ಕೂತು ತಾನೇ ಕುಡಿಯುತ್ತಿದ್ದ. ದಾರಿಯಲ್ಲಿ ಹೋಗುವ ಪಂಡಿತರು ಅದನ್ನು ಕಂಡು, ಸಾವಿನ ಮನೆಯ ಊಟಕ್ಕೆ ಕಾದು ಕೂತಿದ್ದಾನೆಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಪಿಂಗ ಬಟ್ಟಲನ್ನು ತೊಳೆದು ನೆರೆಮನೆಗೆ ಹಿಂದಿರುಗಿಸಿ ಹೋಗುತ್ತಿದ್ದ.